ಸೈಕಲ್ ಏರಿ ತೊಣ್ಣೂರಿಗೆ

ಸೋದರಿಯರೇ, ನೀವು ಕೊನೆಯ ಸಲ ಸೈಕಲ್ ತುಳಿದದ್ದು ಯಾವಾಗ? ಹೈಸ್ಕೂಲಿನಲ್ಲೇ? ಮದುವೆಗೆ ಮುಂಚೆಯೇ? ಅಥವಾ ಅಣ್ಣನ ಸೈಕಲ್ಲನ್ನು ಕದ್ದು ಒಯ್ದು, ಒಳಪೆಡಲ್ ಹೊಡೆಯಲು ಹೋಗಿ, ಮೊಣಕಾಲು ತರಚಿಕೊಂಡು, ಅಮ್ಮನ ಕೈಲಿ ಬೈಸಿಕೊಂಡಲ್ಲಿಗೇ ಆ ಆಸೆ ಮುಗಿದುಹೋಯಿತೇ? ನನ್ನದು ಹಾಗೇ ಮುಗಿದಿತ್ತು. ನಲವತ್ತೇಳನೇ ವಯಸ್ಸಿನಲ್ಲಿ ಅದು ಮತ್ತೆ ಶುರುವಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ, "ನಿಮಗೇನು ತಲೆ ಸರಿ ಇದೆಯೇನ್ರೀ?" ಅಂತ ಕೇಳಿಬಿಡುತ್ತಿದ್ದೆ.

ನಮ್ಮೂರು ಶ್ರೀರಂಗಪಟ್ಟಣ. ಶಾಲೆಯಿಂದ ನಿವೃತ್ತರಾದ ಟೀಚರೊಬ್ಬರು ಬೆಳಗಿನ ಹೊತ್ತು ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಸೈಕಲ್ ತುಳಿಯಲು ಶುರುಮಾಡಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಅರವತ್ತೊಂದು ವರ್ಷದವರೊಬ್ಬರು, ಒಬ್ಬ ನರ್ಸ್, ಹೊಲಿಗೆ ಅಂಗಡಿಯವರು, ದಿನಸಿ ಅಂಗಡಿಯವರು. ಅವರ ಹಿಂದೆ ನಮ್ಮ ಓರಗಿತ್ತಿಯೂ ಸೇರಿಕೊಂಡಳು. ಅವಳು ಸೇರಿದ ಮೇಲೆ ನಾನು ಸುಮ್ಮನಿರುವುದುಂಟೇ?

ಸೈಕಲ್ಲೂ ಮನೆಯಲ್ಲೇ ಇತ್ತು. 2006-07ರಲ್ಲಿ ಸರ್ಕಾರದವರು ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದರಲ್ಲ, ಅದರಲ್ಲಿ ಕೆಲವು ವರ್ಷದ ಮೇಲೆ ನಮ್ಮ ಮಗಳಿಗೆ ಬಂದದ್ದು. ಅವಳು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಊರಿಗೆ ಹೋದಳು. ಸೈಕಲ್ ಹಿತ್ತಲಲ್ಲಿ ಗೋಣಿಚೀಲ ಹೊದ್ದುಕೊಂಡು ಹಳೇ ಕಬ್ಬಿಣದವನಿಗಾಗಿ ಕಾಯುತ್ತಿತ್ತು. ಹೊಸ ಟೈರು, ಹೊಸ ಟ್ಯೂಬು, ಬ್ರೇಕಿಗೆ ಹೊಸ ರಬ್ಬರು, ಚೈನಿಗೆ ಎಣ್ಣೆ ಹಾಕಿಸಿದ ಮೇಲೆ ಮದುವಣಗಿತ್ತಿಯ ಹಾಗೆ ಆಯಿತು. ನಮ್ಮ ಯಜಮಾನರು, "ಸೈಕಲ್ ಏನೋ ತಡಕೊಳ್ಳುತ್ತೆ, ನೀನು ತಡಕೋತೀಯಾ?" ಅಂದರು. ಅತ್ತೆಯವರು ಅಷ್ಟೂ ಅನ್ನಲಿಲ್ಲ. ಮುಖ ತಿರುಗಿಸಿಕೊಂಡು ಅಕ್ಕಿ ಆರಿಸುತ್ತಾ ಕೂತರು.

ಆಗ ಟೀಚರು ಒಂದು ಸಂಗತಿ ಹೇಳಿದರು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರಂತೆ. ಕೂಲಿ ಮಾಡುವವರು, ಕಲ್ಲು ಒಡೆಯುವವರು, ಹಳ್ಳಿಯ ಶಾಲೆಯ ಟೀಚರುಗಳು ಸಾವಿರಾರು ಸಂಖ್ಯೆಯಲ್ಲಿ ಕಲಿತು ರಸ್ತೆಗಿಳಿದರಂತೆ. "ಅವರಿಗೆ ಆಗಿದ್ದು ನಮಗಾಗಲ್ವೇ?" ಅಂದರು ಟೀಚರು. ಆ ಮಾತಿಗೆ ಎದುರಾಡಲು ನನಗೆ ಬಾಯಿ ಬರಲಿಲ್ಲ.

ಹೊರಟೆವು!

ಮೂರು ತಿಂಗಳು ಊರೊಳಗೇ ಸುತ್ತಿ, ಸಂಗಮದ ತನಕ ಹೋಗಿ ಬಂದು ಕಾಲು ಪಳಗಿದ ಮೇಲೆ, ಸಂಕ್ರಾಂತಿ ಕಳೆದ ಒಂದು ಭಾನುವಾರ ಕೆರೆ ತೊಣ್ಣೂರಿಗೆ ಹೊರಡುವುದೆಂದು ನಿಶ್ಚಯವಾಯಿತು. ಹೋಗಲು ಸುಮಾರು 20 ಕಿಲೋಮೀಟರು, ಬರಲು ಅಷ್ಟೇ. ಒಟ್ಟು ಏಳು ಜನ.

ನಮ್ಮೂರು ಕಾವೇರಿಯ ನಡುವಿನ ದ್ವೀಪ. ಯಾವ ಕಡೆ ಹೊರಟರೂ ಹೊಳೆ ದಾಟದೆ ಗತಿಯಿಲ್ಲ. ಬೆಳಿಗ್ಗೆ ಆರಕ್ಕೆ ಸೇತುವೆಯ ಮೇಲೆ ಹೋಗುವಾಗ ಕೆಳಗೆ ನೀರೇ ಕಾಣಿಸುತ್ತಿರಲಿಲ್ಲ, ಬರೀ ಮಂಜು. ಆಚೆ ದಡದಲ್ಲಿ ಕಿರಂಗೂರು. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಶುರುವಾಗುವುದು ಇಲ್ಲಿಯ ಬನ್ನಿಮಂಟಪದಿಂದ. ರಾಜ ಒಡೆಯರು 1610ರಲ್ಲಿ ದಸರಾ ಶುರುಮಾಡಿದ್ದು ನಮ್ಮೂರಿನಲ್ಲೇ ಅನ್ನುವುದನ್ನು ನಾವು ಮೈಸೂರಿನವರಿಗೆ ಆಗಾಗ ಜ್ಞಾಪಿಸುತ್ತಿರುತ್ತೇವೆ!

ಅಲ್ಲಿಂದ ಪಾಂಡವಪುರದ ದಾರಿ. ಎರಡು ಕಡೆಗೂ ಕಬ್ಬು, ಕುಯ್ದ ಗದ್ದೆ, ತೆಂಗು. ಬಸ್ಸಿನಲ್ಲಿ ನೂರು ಸಲ ಹೋಗಿದ್ದೇನೆ, ಆದರೆ ಈ ದಾರಿಗೆ ವಾಸನೆ ಇದೆ ಅಂತ ಗೊತ್ತೇ ಇರಲಿಲ್ಲ ನೋಡಿ. ಒದ್ದೆ ಹುಲ್ಲು, ಕೊಟ್ಟಿಗೆ, ಯಾರದೋ ಮನೆಯ ಒಲೆಯ ಹೊಗೆ, ಅವರೆಕಾಯಿಯ ಸೊಗಡು, ಒಂದಾದ ಮೇಲೆ ಒಂದು ಬರುತ್ತಿರುತ್ತವೆ. ನಡೆದರೆ ಇಷ್ಟು ದೂರ ಆಗದು, ಬಸ್ಸಿನಲ್ಲಿ ಇಷ್ಟು ಹತ್ತಿರ ಆಗದು. ಸೈಕಲ್ಲಿನ ಸುಖ ಇರುವುದೇ ಅಲ್ಲಿ.

ಆಲೆಮನೆಯೊಂದರ ಹತ್ತಿರ ಇಳಿದೆವು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಹಾಲು ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಅದೇ ಒಲೆಗೆ ಹಾಕುತ್ತಾರೆ, ಏನೂ ದಂಡವಿಲ್ಲ. ಆಲೆಮನೆಯವರು ದುಡ್ಡು ಬೇಡ ಅಂದು, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟರು. "ಎಲ್ಲಿಗ್ ತಾಯೀ ಸವಾರಿ?" ಅಂದರು. "ತೊಣ್ಣೂರಿಗೆ" ಅಂದದ್ದಕ್ಕೆ, "ಬಸ್ಸು ಸಿಗ್ಲಿಲ್ವಾ?" ಅಂತ ಮರುಕಪಟ್ಟರು. ನಕ್ಕು ನಕ್ಕು ನಮಗೆ ಸಾಕಾಯಿತು.

ಪಾಂಡವಪುರಕ್ಕೆ ಮುಂಚೆ ಹಿರೋಡೆ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಊರಿನ ಪಕ್ಕದಲ್ಲೇ ಕುಂತಿಬೆಟ್ಟ, ಬಂಡೆಯ ಮೇಲೆ ಬಂಡೆ. ವನವಾಸದಲ್ಲಿ ಪಾಂಡವರು ತಾಯಿಯ ಜೊತೆ ಇಲ್ಲಿದ್ದರೆಂದು ಜನ ಹೇಳುತ್ತಾರೆ.

ಆದದ್ದು ಒಂದೇ ಎರಡೇ!

ಮೊದಲನೆಯದು ನಮ್ಮ ಓರಗಿತ್ತಿಯದು. ಎಷ್ಟು ಹೇಳಿದರೂ ಕೇಳದೆ ಉದ್ದನೆಯ ವೇಲು ಹಾಕಿಕೊಂಡು ಬಂದಿದ್ದಳು. ಅದು ಚೈನಿಗೆ ಸಿಕ್ಕಿ, ಸೈಕಲ್ ಗಕ್ಕನೆ ನಿಂತು, ಅವಳು ಮೆಲ್ಲಗೆ ಕಬ್ಬಿನ ಗದ್ದೆಯ ಕಡೆ ವಾಲಿದಳು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಹೊಸ ವೇಲು ಮಾತ್ರ ಮಸಿಬಟ್ಟೆಯಾಯಿತು.

ಎರಡನೆಯದು ಕಬ್ಬಿನ ಟ್ರ್ಯಾಕ್ಟರು. ಹಿಂದೆ ಎರಡು ಗಾಡಿ ಕಟ್ಟಿಕೊಂಡು, ಮೂರಾಳೆತ್ತರ ಹೊರೆ ಹೊತ್ತು ಬರುತ್ತದೆ, ಎರಡು ಪಕ್ಕಕ್ಕೂ ಕಬ್ಬು ಚಾಚಿಕೊಂಡಿರುತ್ತದೆ. ದಿನಸಿ ಅಂಗಡಿಯವರ ತೋಳಿಗೆ ಒಂದು ಜಲ್ಲೆ ಸವರಿಕೊಂಡು ಹೋಯಿತು. ಇನ್ನೊಂದು ಗೇಣು ಹತ್ತಿರವಿದ್ದಿದ್ದರೆ ಏನಾಗುತ್ತಿತ್ತೋ! ಅಂದಿನಿಂದ ಕಬ್ಬಿನ ಗಾಡಿ ಕಂಡ ತಕ್ಷಣ ನಾವೆಲ್ಲ ಇಳಿದು, ರಸ್ತೆ ಬಿಟ್ಟು ನಿಲ್ಲುತ್ತೇವೆ.

ಮೂರನೆಯದು ನರ್ಸಮ್ಮನವರದು. ಪಾಂಡವಪುರ ದಾಟಿದ ಮೇಲೆ ಹೆದ್ದಾರಿ ಬಿಟ್ಟು ತೊಣ್ಣೂರಿಗೆ ತಿರುಗಬೇಕು. ಎಲ್ಲರಿಗಿಂತ ಜೋರಾಗಿ ತುಳಿಯುವ ಅವರು ಕವಲನ್ನು ಗಮನಿಸದೆ ನೇರವಾಗಿ ನಾಗಮಂಗಲದ ದಾರಿ ಹಿಡಿದುಬಿಟ್ಟರು. ಫೋನು ಮಾಡಿದರೆ ಆ ಫೋನು ಬ್ಯಾಂಕಿನವರ ಚೀಲದೊಳಗೇ ಕೂಗಿಕೊಳ್ಳುತ್ತಿದೆ! ಕೊನೆಗೆ ಬೈಕಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬನಿಗೆ ಹೇಳಿ ಕಳಿಸಿ ವಾಪಸು ಕರೆಸಿದೆವು.

ಕೊನೆಯವಳು

ಈಗ ನನ್ನ ವಿಷಯ. ನಮ್ಮೂರಿನಿಂದ ತೊಣ್ಣೂರಿನ ತನಕ ದಾರಿ ಗೊತ್ತಾಗದ ಹಾಗೆ ಏರುತ್ತಾ ಹೋಗುತ್ತದೆ. ಕಣ್ಣಿಗೆ ಸಮವಾಗಿಯೇ ಕಾಣುತ್ತದೆ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ಕವಲು ತಿರುಗಿದ ಮೇಲೆ ನನ್ನ ಕೈಲಾಗಲಿಲ್ಲ. ಎಲ್ಲರೂ ಮುಂದೆ ಹೋಗಿ ಚುಕ್ಕಿಗಳಾದರು. ಬಿಸಿಲೇರಿತು. ಸೀಟು ಮುಳ್ಳಿನ ಹಾಸಿಗೆಯಾಯಿತು. ಹಿಂದಿನ ವರ್ಷ ನನಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಡಾಕ್ಟರು "ಈಗ ಏನೂ ಭಯವಿಲ್ಲ, ಸೈಕಲ್ ತುಳಿಯಬಹುದು" ಅಂದಿದ್ದರೂ, ಹೊಟ್ಟೆ ಹಿಡಿದಂತಾದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. "ಇವಳನ್ನು ಯಾಕಾದರೂ ಕರಕೊಂಡು ಬಂದೆವೋ ಅಂದುಕೊಳ್ಳುತ್ತಾರೆ" ಅನ್ನುವ ನಾಚಿಕೆ ಅದಕ್ಕಿಂತ ದೊಡ್ಡದು.

ಇಳಿದು ತಳ್ಳಿಕೊಂಡು ನಡೆಯತೊಡಗಿದೆ. ಹಿಂದಿನಿಂದ ಟೀಚರು ಬಂದರು. ಅವರು ಬೇಕೆಂದೇ ಎಲ್ಲರಿಗಿಂತ ಹಿಂದೆ ಇರುತ್ತಾರೆ, ನಾವು ಅವರಿಗೆ 'ಬಾಲ' ಎಂದು ಹೆಸರಿಟ್ಟಿದ್ದೇವೆ. ಏನೂ ಹೇಳದೆ ಅವರೂ ಇಳಿದು ಜೊತೆಗೆ ನಡೆದರು.

"ಟೀಚರೇ, ನೀವು ಹೋಗಿ. ನಾನು ಬಸ್ಸೋ ಆಟೋವೋ ಹಿಡಕೊಂಡು ಊರಿಗೆ ಹೋಗ್ತೀನಿ. ನನ್ನಿಂದ ಎಲ್ರಿಗೂ ತಡ" ಅಂದೆ.

"ಹೊಟ್ಟೆ ನೋವು ನಿಜವಾಗ್ಲೂ ಇದ್ರೆ ಹೇಳಿ, ಈಗ್ಲೇ ಆಟೋ ಕರೆಸ್ತೀನಿ, ನಾನೂ ಬರ್ತೀನಿ. ಸುಸ್ತಾಗಿದ್ರೆ ನೀರು ಕುಡೀರಿ, ನಡೆಯೋಣ. ತಡ ಆಗ್ತದೆ ಅನ್ನೋದೊಂದೇ ಕಾರಣ ಆದ್ರೆ, ಅದು ನಿಮ್ಮ ಚಿಂತೆ ಅಲ್ಲ" ಅಂದರು.

ಯೋಚನೆ ಮಾಡಿ ನೋಡಿದೆ. ನೋವಿರಲಿಲ್ಲ. ನೀರು ಕುಡಿದೆ, ನಡೆದೆ, ಸ್ವಲ್ಪ ತುಳಿದೆ, ಮತ್ತೆ ನಡೆದೆ.

ಹೀಗೆ ಕೆರೆಯ ಏರಿ ತಲುಪಿದಾಗ ಹತ್ತೂವರೆ ಆಗಿತ್ತು. ಉಳಿದವರು ಅಲ್ಲಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ಮರದ ನೆರಳಿನಲ್ಲಿ ಚಾಪೆ ಹಾಸಿತ್ತು, ಬುತ್ತಿಯ ಡಬ್ಬಿಗಳು ಸಾಲಾಗಿ ಇದ್ದವು. ಒಂದರ ಮುಚ್ಚಳವನ್ನೂ ತೆಗೆದಿರಲಿಲ್ಲ. ಬೆಳಗಿನ ಐದಕ್ಕೆ ಒಂದು ಲೋಟ ಕಾಫಿ ಕುಡಿದು ಹೊರಟವರು! "ಬನ್ನಿ ಬನ್ನಿ, ಹೊಟ್ಟೆ ತಾಳ ಹಾಕ್ತಿದೆ" ಅಂತ ಬ್ಯಾಂಕಿನವರು ಕೈಗೆ ನೀರು ಹಾಕಿದರು. "ನೀವು ತಿನ್ನಬಾರದಿತ್ತೇ?" ಅಂದೆ. "ಕೊನೆಯವರು ಬರೋ ತನಕ ಬುತ್ತಿ ಬಿಚ್ಚೋ ಹಾಗಿಲ್ಲ. ನಮ್ಮಲ್ಲಿ ಇರೋದು ಅದೊಂದೇ ರೂಲ್ಸು" ಅಂದರು.

ಸೋದರಿಯರೇ, ನಮ್ಮ ಮನೆಗಳಲ್ಲಿ ಕಾಯುವವರು ಯಾರು ಅಂತ ನಿಮಗೆ ನಾನು ಹೇಳಬೇಕೇ? ಸ್ಕೂಲಿನಿಂದ ಮಕ್ಕಳು ಬರಲಿ ಅಂತ, ಆಫೀಸಿನಿಂದ ಅವರು ಬರಲಿ ಅಂತ, ಎಲ್ಲರದೂ ಆಗಲಿ ಅಂತ ಕಾದು, ತಳದ ಸಾರಿನಲ್ಲಿ ಊಟ ಮಾಡುವುದು ನಮಗೆ ಅಭ್ಯಾಸ. ಅದರಲ್ಲಿ ನನಗೇನೂ ದುಃಖವಿಲ್ಲ. ಆದರೆ ನನಗಾಗಿ ಐದು ಜನ ಹಸಿದುಕೊಂಡು ಕೂತಿದ್ದು ಅದೇ ಮೊದಲು. ಗಂಟಲು ಕಟ್ಟಿತು. ಮುಖ ತೊಳೆಯುವ ನೆಪದಲ್ಲಿ ಕೆರೆಯ ಕಡೆ ತಿರುಗಿಕೊಂಡೆ.

ಆ ಕೆರೆಯನ್ನು ನೀವು ನೋಡಬೇಕು! ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ನೀರು, ಹಳೆಯ ಹೆಸರು ತಿರುಮಲಸಾಗರ. ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತಲೂ ಕರೆಯುತ್ತಾರೆ. ದಡದ ನೀರು ತಳದ ಕಲ್ಲು ಕಾಣುವಷ್ಟು ತಿಳಿ. ನೋಡಲು ಸೌಮ್ಯ, ಆದರೆ ಆಳ ಬಹಳ, ಈಜಲು ಬಾರದವರು ಇಳಿಯಲೇಬೇಡಿ. ಊರೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನವಿದೆ. ಮೇಲುಕೋಟೆಗೆ ಹೋಗುವ ಮುಂಚೆ ರಾಮಾನುಜಾಚಾರ್ಯರು ಇಲ್ಲಿದ್ದರು ಎನ್ನುತ್ತಾರೆ. ಕಲ್ಲಿನ ಕಂಬಗಳ ತಂಪಿನಲ್ಲಿ ಕಾಲು ಚಾಚಿ ಕೂತರೆ ಏಳಲು ಮನಸ್ಸೇ ಬಾರದು.

ಬರುವಾಗ ಇಳಿಜಾರು, ಕಾಲಿಗೆ ಕೆಲಸವೇ ಇಲ್ಲ. ಹಾಡು ಹೇಳಿಕೊಂಡು ಬರುತ್ತಿದ್ದೆವು. ಅಷ್ಟರಲ್ಲಿ ಬ್ಯಾಂಕಿನವರ ಹಿಂದಿನ ಚಕ್ರ ಪುಸ್ಸೆಂದಿತು. ಜಾಲಿಮುಳ್ಳು! ಭಾನುವಾರ, ಪಂಕ್ಚರ್ ಅಂಗಡಿಗೆ ಬೀಗ. ಪಕ್ಕದ ಮನೆಯ ಮುದುಕರು ಹೋಗಿ ಅಂಗಡಿಯವರನ್ನು ಊಟದ ಮೇಲಿಂದ ಎಬ್ಬಿಸಿಕೊಂಡು ಬಂದರು. ಅವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡಿದರು, ಉಜ್ಜಿ, ಸಲ್ಯೂಷನ್ ಹಚ್ಚಿ ತೇಪೆ ಹಾಕಿದರು. ಆಮೇಲೆ ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ, ಮುರಿದುಕೊಂಡಿದ್ದ ಮುಳ್ಳಿನ ತುದಿಯನ್ನು ಕಿತ್ತು ತೋರಿಸಿದರು. "ಇದನ್ನ ಬಿಟ್ರೆ ನಾಳೆ ಮತ್ತೆ ಪಂಕ್ಚರ್ರೇ ಕಣಮ್ಮ" ಅಂದರು. ಈ ಸಲ ಆರು ಜನ ಜಗಲಿಯ ಮೇಲೆ ಕೂತು ಬ್ಯಾಂಕಿನವರಿಗಾಗಿ ಕಾದೆವು. ಕಾದವರಲ್ಲಿ ನಾನೂ ಇದ್ದೆನಲ್ಲ, ಆಗ ಗೊತ್ತಾಯಿತು, ಹೀಗೆ ಕಾಯುವುದು ಯಾರಿಗೂ ಭಾರವಲ್ಲ.

ಮನೆ ಸೇರಿದಾಗ ಮೂರೂವರೆ. ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. "ಇಷ್ಟೊತ್ತಾ? ಮೈ ಕೈ ಮುರಕೊಂಡಿಲ್ಲ ತಾನೇ?" ಅಂತ ಗದರಿಸಿ ಬಿಸಿನೀರು ಕಾಯಿಸಲು ಹೋದರು. ರಾತ್ರಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಹತ್ತಿರ ಬಂದು ಕೂತು ಕೇಳಿದರು: "ಹ್ಞೂ, ಏರಿ ಮೇಲೆ ಗಾಳಿ ಹೇಗಿತ್ತೇ?"

ನೀವೂ ಹೊರಡುವುದಾದರೆ

ವೇಲು, ಸೆರಗು, ಅಗಲ ಪೈಜಾಮ ಚೈನಿನ ಹತ್ತಿರ ಸುಳಿಯಬಾರದು. ಕಾಲ ಬಳಿ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

ಕವಲು ದಾರಿ ಬಂದಲ್ಲಿ ಮುಂದಿನವರು ನಿಂತು, ಹಿಂದಿನವರು ಕಣ್ಣಿಗೆ ಬಿದ್ದ ಮೇಲೇ ತಿರುಗಬೇಕು. ಫೋನು ಅವರವರ ಹತ್ತಿರವೇ ಇರಲಿ.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ಅದಕ್ಕೂ ನಡುವೆ ಇಟ್ಟುಕೊಂಡು ಮೆಲ್ಲಗೆ ನಡೆಯಿರಿ.

ಆಪರೇಷನ್ ಆದವರು, ಮಂಡಿನೋವಿನವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಬುತ್ತಿಗೆ ಮೊಸರನ್ನವಾದರೆ, ಅನ್ನವನ್ನು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಹಿಸುಕಿ, ಕಾಯಿಸಿದ ಹಾಲು ಧಾರಾಳವಾಗಿ ಹಾಕಿ ಕಲಸಿ. ಉಗುರುಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು, ಉಪ್ಪು, ಒಗ್ಗರಣೆ ಹಾಕಿ. ಹೊರಡುವಾಗ ಹಾಲನ್ನ, ಬಿಚ್ಚುವಾಗ ಹುಳಿಯಿಲ್ಲದ ಮೊಸರನ್ನ. ಜೊತೆಗೆ ಪುಳಿಯೋಗರೆ, ಹುರಿದ ಕಡಲೆಕಾಯಿ ಇದ್ದರೆ ಕೇಳುವುದೇ ಬೇಡ.

ತೊಣ್ಣೂರೇ ಆಗಬೇಕೆಂದಿಲ್ಲ. ನಿಮ್ಮೂರಿನ ಆಚೆಗೂ ಒಂದು ಕೆರೆ, ಒಂದು ಗುಡಿ, ಒಂದು ಮರದ ನೆರಳು ಇದ್ದೇ ಇರುತ್ತದೆ. ಹಿತ್ತಲಲ್ಲಿರುವ ಸೈಕಲ್ಲಿನ ಗೋಣಿಚೀಲ ತೆಗೆದು ನೋಡಿ. ಹಿಂದೆ ಬಿದ್ದರೆ ಬೀಳಿ, ಚಿಂತೆಯಿಲ್ಲ. ಕಾಯುವಂಥ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಷ್ಟೇ.