ಸಿಟ್ಟೂ ಬಿರುಗಾಳಿಯೂ

ಕನ್ನಡಿಗರ ಸಿಟ್ಟು ಬಹುಮಟ್ಟಿಗೆ ಬೆಂಕಿಯ ಮನೆತನಕ್ಕೆ ಸೇರಿದುದು. ಕೋಪಬಂದವನು ಕಿಡಿಕಾರುತ್ತಾನೆ, ಉರಿದುಬೀಳುತ್ತಾನೆ, ಕೆಂಡಾಮಂಡಲವಾಗುತ್ತಾನೆ. ಇಂಗ್ಲಿಷಿನಲ್ಲಿಯೂ ಬೆಂಕಿಯ ಮಾತುಗಳಿಲ್ಲದಿಲ್ಲ. ಆದರೆ ಸುತ್ತಲೂ ಕಡಲು, ಮೇಲೆ ಗಳಿಗೆಗೊಂದು ಬಣ್ಣದ ಆಕಾಶ, ಇವುಗಳ ನಡುವೆ ಬೆಳೆದ ಆ ನುಡಿಯು ಕೋಪವನ್ನು ಬಣ್ಣಿಸುವಾಗ ಗಾಳಿ ಗುಡುಗುಗಳನ್ನೂ ಧಾರಾಳವಾಗಿ ಕರೆದುಕೊಳ್ಳುತ್ತದೆ.

‘ಬ್ಲೋ’ ಎಂಬ ಕ್ರಿಯಾಪದವನ್ನು ನೋಡಬಹುದು. ಬೀಸುವುದೆಂದು ಅದರ ಅರ್ಥ. ಬೆನ್ನಿಗೊಂದು ಪುಟ್ಟ ಅವ್ಯಯ ಸೇರಿತೆಂದರೆ ಅರ್ಥ ತಿರುಗುತ್ತದೆ. ಬಿರುಗಾಳಿ ಏಳುವುದು ‘ಬ್ಲೋ ಅಪ್’. ಮನುಷ್ಯನ ವಿಷಯದಲ್ಲಿ ಅದೇ ಮಾತಿಗೆ ಥಟ್ಟನೆ ರೇಗುವುದೆಂದು ಅರ್ಥ. ಸಿಡಿಮದ್ದಿನ ಸದ್ದೂ ಅದರಲ್ಲಿ ಬೆರೆತಿದೆ. ಗಾಳಿ ಬೀಸಿ ಬೀಸಿ ತಾನೇ ದಣಿದರೆ ‘ಬ್ಲೋ ಇಟ್‌ಸೆಲ್ಫ್ ಔಟ್’. ತಲೆಯ ಮೇಲೆಯೇ ಹಾದುಹೋದರೆ ‘ಬ್ಲೋ ಓವರ್’. ಜಗಳ ತಣ್ಣಗಾಯಿತೆಂದು ಭಾವ. ಕ್ರಿಯಾಪದ ಒಂದು, ಅವ್ಯಯಗಳು ಮೂರು. ಒಂದು ಮನೆಯ ಕಲಹದ ಹುಟ್ಟು, ಮುಪ್ಪು, ಕೊನೆ ಎಲ್ಲವೂ ಅಷ್ಟರಲ್ಲಿ ಅಡಗಿವೆ.

ಕೋಪದಿಂದ ದಡದಡನೆ ಹೊರಟುಹೋಗುವುದು ‘ಸ್ಟಾರ್ಮ್ ಔಟ್’. ಮುಖದಲ್ಲಿ ಅಸಮಾಧಾನ ಕವಿದರೆ ‘ಕ್ಲೌಡ್ ಓವರ್’. ಇನ್ನೂ ಬಾಯಿ ಬಿಡದ ಸಿಟ್ಟಿಗೆ ‘ಗುಡುಗಿನಂಥ ಮುಖ’ವೆನ್ನುತ್ತಾರೆ, ಕಿವಿಯ ವಿಷಯವನ್ನು ಕಣ್ಣಿಗೆ ಒಪ್ಪಿಸಿದ ಈ ಮಾತು ಸೊಗಸಾದುದು. ಸದ್ದಿಲ್ಲದ ಮುನಿಸಿಗೂ ಮಾತುಂಟು: ಒಬ್ಬನನ್ನು ಮಾತಿಲ್ಲದೆಯೇ ಹಿಮದಂತೆ ಕೊರೆದು ಗುಂಪಿನಿಂದ ಹೊರಗಿಡುವುದು ‘ಫ್ರೀಜ್ ಔಟ್’. ಅಲ್ಪಕಾರಣಕ್ಕೆ ಎದ್ದ ರಾದ್ಧಾಂತವು ಇಂಗ್ಲೆಂಡಿನಲ್ಲಿ ಚಹದ ಬಟ್ಟಲಿನ ಬಿರುಗಾಳಿ, ಅಮೆರಿಕದಲ್ಲಿ ಚಹದ ಕೂಜೆಯ ಬಿರುಗಾಳಿ. ರೋಮಿನ ಸಿಸೆರೋವಿನ ಕಾಲಕ್ಕಾಗಲೇ ಅದು ಸೌಟಿನಲ್ಲಿ ಅಲೆಯೆಬ್ಬಿಸುವ ಗಾದೆಯಾಗಿತ್ತು.

ಈ ಮಾತುಗಳಲ್ಲಿ ಒಂದು ವಿಶೇಷವುಂಟು. ‘ಅವನು ಬಿರುಗಾಳಿಯಂತೆ ಹೊರಟುಹೋದನು’ ಎನ್ನುವವರು ಬಹಳ. ‘ನಾನು ಹಾಗೆ ಹೋದೆನು’ ಎನ್ನುವವರು ವಿರಳ. ಹವೆಯ ಸುದ್ದಿಯನ್ನು ಹೇಳುವವನು ಅದಕ್ಕೆ ಸಿಕ್ಕಿಬಿದ್ದವನೇ ಹೊರತು ಬೀಸಿದ ಗಾಳಿಯಲ್ಲ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಎಂಬ ಅಧಿಕಾರಿಯು 1805ರಲ್ಲಿ ಗಾಳಿಯ ಬಲಕ್ಕೆ ಮೆಟ್ಟಲುಗಳನ್ನು ಕಟ್ಟಿದನು. ಸೊನ್ನೆಯಿಂದ 12ರವರೆಗಿನ ಆ ಮೆಟ್ಟಲುಗಳನ್ನು ಮುಂದೆ, ಹಡಗು ಎಷ್ಟು ಹಾಯಿಯನ್ನು ತಾಳಬಲ್ಲುದೆಂಬುದರಿಂದ ಗುರುತಿಸಿದರು. ಮನೆಯ ಯಜಮಾನನ ಕೋಪಕ್ಕೂ ಇದೇ ಅಳತೆ ಸಲ್ಲುತ್ತದೆ. ಅದರ ಬಲ ತಿಳಿಯುವುದು ಅವನ ಎದೆಯಲ್ಲಲ್ಲ. ಮಕ್ಕಳ ಆಟ ನಿಂತುದರಲ್ಲಿ, ಅಡಿಗೆಮನೆಯ ಮಾತು ಪಿಸುಮಾತಾದುದರಲ್ಲಿ. ಹಾಯಿ ಇಳಿಸುವವರು ಅವರು.

ಆದುದರಿಂದ ಈ ಉಪಮಾನದಲ್ಲಿ ಅನುಕೂಲವಿರುವಂತೆ ಅಪಾಯವೂ ಇದೆ. ಬಿರುಗಾಳಿಗೆ ಅಪರಾಧವಿಲ್ಲ. ಅದು ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಹಾರಿಹೋದ ಹೆಂಚಿಗೆ ಅದು ಹೊಣೆಯಲ್ಲ. ಸಿಟ್ಟು ‘ಹಾದುಹೋಯಿತು’ ಎಂದಾಗ ಸಿಟ್ಟಾದವನೂ ಆ ವಿನಾಯಿತಿಯಲ್ಲಿ ಪಾಲು ಪಡೆಯುತ್ತಾನೆ. ಕ್ಷಮೆ ಕೇಳುವ ಕೆಲಸ ತಪ್ಪುತ್ತದೆ. ಷೇಕ್ಸ್‌ಪಿಯರನ ಲಿಯರ್ ದೊರೆ ಬಯಲಿನ ಮಳೆಗಾಳಿಯಲ್ಲಿ ನಿಂತು, ಬಿರುಗಾಳಿ ತನ್ನ ಮನಸ್ಸಿನಲ್ಲಿಯೇ ಇದೆಯೆಂದು ಒಪ್ಪಿಕೊಳ್ಳುತ್ತಾನೆ. ತನ್ನ ಹವೆಯನ್ನು ತಾನೇ ಹೆಸರಿಸುವ ಆ ಅರಿವು ಅವನಿಗೆ ಬರುವ ಹೊತ್ತಿಗೆ ರಾಜ್ಯವೂ ಮನೆಯೂ ಕೈಬಿಟ್ಟಿದ್ದವು. ಉಳಿದವರು ಅಷ್ಟು ಕಾಯಬೇಕಾಗಿಲ್ಲ.