ತಿರುಗಿ ಒಪ್ಪಿಸಬೇಕಾದ ಕಲ್ಲು

ನನ್ನ ಓದುವ ಮೇಜಿನ ಮೇಲೆ ಅಂಗೈಯಗಲದ ಕಲ್ಲೊಂದು ಮೂವತ್ತು ವರ್ಷಗಳಿಂದ ಇದೆ. ಹಸ್ತಪ್ರತಿಗಳಿಂದ ನಕಲು ಮಾಡಿದ ಹಾಳೆಗಳು ಗಾಳಿಗೆ ಹಾರದಂತೆ ತಡೆಯುವುದು ಅದರ ಕೆಲಸ. ಮಠದ ಪಾಠಶಾಲೆಯ ವಿದ್ಯಾರ್ಥಿಗಳೊಡನೆ ಮಲ್ಪೆಗೆ ಹೋಗಿದ್ದಾಗ ಅಲ್ಲಿಯ ಸೇಂಟ್ ಮೇರೀಸ್ ದ್ವೀಪದಿಂದ ಅದನ್ನು ನಾನೇ ತಂದಿದ್ದೆನು. ಹಾಗೆ ತರುವುದು ತಪ್ಪೆಂದು ಅಂದು ನನಗೆ ತೋರಲಿಲ್ಲ.

ಕಳೆದ ಮಾಘಮಾಸದಲ್ಲಿ ಮಗ, ಸೊಸೆ, ಮೊಮ್ಮಗನೊಡನೆ ಅದೇ ದ್ವೀಪಕ್ಕೆ ಮತ್ತೆ ಹೋಗುವ ಯೋಗ ಒದಗಿತು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದನೆಂಬ ಪ್ರತೀತಿಯುಂಟು. ಆದರೆ ಈ ದ್ವೀಪದ ಹಿರಿಮೆ ಐದು ಶತಮಾನಗಳದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾರಸ ಹರಿದು ತಣಿಯಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ, ತಣಿದು ಕುಗ್ಗಿದ ಆ ಶಿಲೆಯೂ ಬಿರಿದು ಐದಾರು ಮುಖಗಳ ಕಂಬಗಳಾಗಿ ನಿಂತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಮೊಮ್ಮಗನು ಎರಡೂ ಕಿಸೆಗಳ ತುಂಬ ಚಿಪ್ಪುಗಳನ್ನು ತುಂಬಿಕೊಂಡಿದ್ದನು. ನಾನು ಅವನನ್ನು ಕೂರಿಸಿಕೊಂಡು ಬುದ್ಧಿ ಹೇಳಿದೆನು: ಬರಿದಾದ ಶಂಖ ಸನ್ಯಾಸಿ ಏಡಿಗೆ ಮನೆಯಾಗುತ್ತದೆ, ಒಡೆದ ಚಿಪ್ಪು ಸವೆದು ಈ ದಂಡೆಯ ಮರಳಾಗುತ್ತದೆ, ಬಂದವರೆಲ್ಲ ಒಂದೊಂದು ಹಿಡಿ ಒಯ್ದರೆ ದಂಡೆಯೇ ಬಡವಾಗುತ್ತದೆ. ಅವನು ಮರುಮಾತಾಡದೆ ಕಿಸೆ ಬರಿದುಮಾಡಿದನು. ಬಳಿಕ ಕಂಬಗಳನ್ನೇ ನೋಡುತ್ತ, “ಅಜ್ಜಾ, ನಿಮ್ಮ ಮೇಜಿನ ಮ್ಯಾಲಿನ ಕಲ್ಲೂ ಇಂಥಾದ್ದೇ ಐತಲ್ಲ?” ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ಅರುವತ್ತು ದಾಟಿದ ಮೇಲೆ, ಪರರಿಗೆ ಶಾಸ್ತ್ರ ಹೇಳಿ ಬದುಕಿದವನಿಗೆ, ಎಂಟು ವರ್ಷದ ಬಾಲಕನು ಪಾಠ ಹೇಳಿದನು.

ಆ ದ್ವೀಪದಲ್ಲಿ ಊರಿಲ್ಲ, ಮನೆಯಿಲ್ಲ. ನಾವು ಬಿಸುಟ ಬಾಟಲಿ, ಪೊಟ್ಟಣಗಳನ್ನು ಯಾರಾದರೂ ದೋಣಿಯಲ್ಲಿಯೇ ಹೊರತರಬೇಕು. ಇಲ್ಲವಾದರೆ ಅವು ಕಡಲನ್ನು ಸೇರುತ್ತವೆ. ಮಳೆಗಾಲದಲ್ಲಿ ದೋಣಿ ನಿಂತಾಗ ದ್ವೀಪಕ್ಕೆ ಜನರಿಂದ ಕೆಲವು ತಿಂಗಳ ಬಿಡುವು ದೊರೆಯುತ್ತದೆ. ಹಾಗೆಂದು ಯಾರೂ ಹೋಗಬಾರದೆಂದು ನಾನು ಹೇಳಲಾರೆನು. ಪ್ರವಾಸಿಗಳಿಂದ ದೋಣಿಯವರ, ಅಂಗಡಿಯವರ ಒಲೆ ಉರಿಯುತ್ತದೆ, ಅದೂ ಕಾಯಕವೇ. ಆದರೆ ದ್ವೀಪ ಕೆಟ್ಟರೆ ಆ ಕಾಯಕವೂ ಕೆಡುತ್ತದೆ.

ಶಿವಶರಣೆ ಸತ್ಯಕ್ಕನದು ಅಂಗಳ ಗುಡಿಸುವ ಕಾಯಕ. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟಲಾರೆನೆಂಬ ನಿಷ್ಠೆ ಅವಳದು. ಕಸವನ್ನು ಎತ್ತಬೇಕು, ತನ್ನದಲ್ಲದ್ದನ್ನು ಎತ್ತಬಾರದು: ಪ್ರವಾಸ ಹೊರಟವರಿಗೆ ಇಷ್ಟು ಸಾಕು. ನಾವಾದರೋ ಕಸವನ್ನು ಬಿಟ್ಟು, ಚಿಪ್ಪನ್ನೂ ಕಲ್ಲನ್ನೂ ಎತ್ತಿ ತರುತ್ತಿದ್ದೇವೆ. ತಟ್ಟೆಯಲ್ಲಿ ಅಗುಳು ಉಳಿದರೆ ಪ್ರಸಾದಕ್ಕೆ ಅಪಚಾರವೆಂದು ಮಕ್ಕಳಿಗೆ ಕಲಿಸುವ ನಮ್ಮ ಮನೆಗಳಲ್ಲಿ, ಕಡಲೂ ಪ್ರಸಾದವೇ ಎಂಬುದನ್ನು ಕಲಿಸುವುದು ಕಷ್ಟವಾಗಬಾರದು. ಹೊರಡುವಾಗ ಬುತ್ತಿಯೊಡನೆ ಬರಿಯ ಚೀಲವೊಂದನ್ನೂ ಒಯ್ದು, ನಮ್ಮ ಕಸವನ್ನು ನಾವೇ ಮರಳಿ ತರೋಣ.

ಮುಂದಿನ ಮಾಘದಲ್ಲಿ ಮತ್ತೆ ಮಲ್ಪೆಗೆ ಹೋಗುವ ಸಂಕಲ್ಪ ಮಾಡಿದ್ದೇನೆ. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಾಗಿದೆ. ಅದು ಮತ್ತೆ ಕಂಬಕ್ಕೆ ಕೂಡಲಾರದು, ಬಲ್ಲೆನು. ಆದರೂ ಅದನ್ನು ಅಲ್ಲಿ ಇಡುವಾಗ ಮೊಮ್ಮಗನು ಜೊತೆಗಿರಲಿ ಎಂಬುದು ನನ್ನ ಆಸೆ.