ಏಳು ಮಾತ್ರೆಯ ಪುಣ್ಯಕೋಟಿ

ಶಿವಮೊಗ್ಗದ ದುರ್ಗಿಗುಡಿಯ ರಸ್ತೆಯಲ್ಲಿ ಮೆರವಣಿಗೆ ಹೊರಟರೆ ಬ್ಯಾಂಡ್ ಸೆಟ್ಟಿನ ಸದ್ದು ಎರಡೆರಡು ಸಲ ಕೇಳುತ್ತದೆ: ಒಮ್ಮೆ ಟ್ರಂಪೆಟ್ಟಿನ ಬಾಯಿಂದ, ಇನ್ನೊಮ್ಮೆ ಎದುರುಸಾಲಿನ ಅಂಗಡಿಗಳ ಗೋಡೆಯಿಂದ. ಮದುವೆಯಿರಲಿ, ಗಣಪತಿಯಿರಲಿ, ನುಡಿಸುವುದು ಹೆಚ್ಚಾಗಿ ಸಿನಿಮಾ ಹಾಡು. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಹಿತ್ತಾಳೆಯ ಕೊರಳಲ್ಲಿ ಅಜ್ಜಿಯರ ಹಾಡು ಕೇಳಬೇಕೆಂಬ ಚಪಲ ಹತ್ತಿ, ನನ್ನ ಸಂಜೆಗಳೆಲ್ಲ ಐದು ಗೆರೆಯ ಹಾಳೆಗೆ ಸಂದುಹೋಗುತ್ತಿವೆ. ಸದ್ಯ ಮೇಜಿನ ಮೇಲಿರುವುದು ಗೋವಿನ ಹಾಡು.

ಈ ಚಪಲಕ್ಕೆ ದೊಡ್ಡವರ ಮೇಲ್ಪಂಕ್ತಿಯೇ ಇದೆ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ತೊಡಿಸಿದರು. ಆ ನೊಟ್ಟುಸ್ವರಗಳನ್ನು ಮಕ್ಕಳು ಇವತ್ತಿಗೂ ಕಲಿಯುತ್ತಾರೆ. ಮೈಸೂರಿನಲ್ಲಿ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎರಡೂ ಬೆಳೆದವು. ಅತ್ತ ಇಂಗ್ಲೆಂಡಿನಲ್ಲಿ ಸೆಸಿಲ್ ಶಾರ್ಪ್ 1903ರಲ್ಲಿ ಸಾಮರ್‌ಸೆಟ್ಟಿನ ತೋಟದ ಮಾಲಿಯೊಬ್ಬ ಗುನುಗಿದ್ದನ್ನು ಬರೆದುಕೊಂಡ. 1923ರಲ್ಲಿ ವಾನ್ ವಿಲಿಯಮ್ಸ್ ಅಂಥ ಹಳ್ಳಿಹಾಡುಗಳನ್ನು ಪೋಣಿಸಿ ಮಿಲಿಟರಿ ಬ್ಯಾಂಡಿಗೆ ಒಂದು ಸೂಟ್ ಕಟ್ಟಿದ. ಅದನ್ನು ಕೇಳಿದಾಗಲೆಲ್ಲ ನನಗೆ ಸಂತೋಷಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೊಟ್ಟೆಕಿಚ್ಚು.

ಕತೆಯ ಹಾಡನ್ನು ಬ್ಯಾಂಡಿಗೆ ಹೊಂದಿಸುವಾಗ ಮೊದಲು ಕೈಬಿಡುವುದು ಮಾತು. ಉಳಿಯುವುದು ಒಂದೇ ಮಟ್ಟು, ನುಡಿಯಿಂದ ನುಡಿಗೆ ಬದಲಾಗದ್ದು. ಹಾಡುವವಳಿಗೆ ಚಿಂತೆಯಿಲ್ಲ, ಹುಲಿ ಬಂತೆಂದು ಬಾಯಿಬಿಟ್ಟು ಹೇಳುತ್ತಾಳೆ. ನಾನು ಅದನ್ನು ವಾದ್ಯದ ಬಣ್ಣದಲ್ಲೇ ಹೇಳಬೇಕು. ಮಜಾ ಇರುವುದೇ ಅಲ್ಲಿ. ಹಸು ಪುಣ್ಯಕೋಟಿಗೆ ಯೂಫೋನಿಯಂ ಕೊಟ್ಟೆ. ಕೊಳವೆ ಅಗಲ, ದನಿ ದುಂಡಗೆ. ಕರುವಿಗೆ ಕಾರ್ನೆಟ್, ಅದರ ಮೇಲಿನ ಸ್ವರಗಳಲ್ಲಿ. ಹುಲಿ ಅರ್ಬುತನಿಗೆ ಟ್ರಾಂಬೋನ್ ಎಂದು ಯಾರಾದರೂ ಹೇಳಿಯಾರು. ಅದರ ಜಾರುಕೊಳವೆ ಗುರುಗುಟ್ಟಲೆಂದೇ ಹುಟ್ಟಿದಂತಿದೆ. ಆದರೆ ನಮ್ಮ ಹುಲಿ ಕೊನೆಗೆ ಮನಕರಗಿ ಪ್ರಾಣ ಬಿಡುವ ಹುಲಿ. ಆದ್ದರಿಂದ ಮೊದಲೆಲ್ಲ ಬಾಯಿಗೆ ಮ್ಯೂಟ್ ಸಿಕ್ಕಿಸಿ ಕರಕರ ಎನ್ನಿಸಿ, ಹಸು ಮರಳಿ ಬಂದ ನುಡಿಯಲ್ಲಿ ಅದನ್ನು ತೆಗೆಸುತ್ತೇನೆ. ಅದೇ ಮಟ್ಟು, ಅದೇ ಟ್ರಾಂಬೋನ್, ಆದರೆ ತೆರೆದ ದನಿ. ಕರುವನ್ನು ಅಕ್ಕತಂಗಿಯರಿಗೆ ಒಪ್ಪಿಸುವಲ್ಲಿ ಡ್ರಮ್ಮುಗಳಿಗೆ ಕೆಲಸವೇ ಇಲ್ಲ. ಕೋಲು ಕಂಕುಳಲ್ಲಿಟ್ಟು ನಿಲ್ಲಬೇಕು. ಡ್ರಮ್ಮಿನವರಿಗೆ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ.

ಉಸಿರಿನ ಲೆಕ್ಕ ಬೇರೆ. ಅಜ್ಜಿ ಶಬ್ದದ ನಡುವೆಯೇ ಉಸಿರೆಳೆದು ಮುಂದೆ ಸಾಗಿದರೆ ಅದೇ ಚೆಂದ. ಕಾರ್ನೆಟ್ಟಿನವನು ಹಾಗೆ ಮಾಡಿದರೆ ಸಾಲು ತುಂಡಾಗುತ್ತದೆ. ಅದಕ್ಕೇ ಇಬ್ಬರಿಗೆ ಒಂದೇ ಸಾಲು ಬರೆದು, ಒಬ್ಬ ಉಸಿರು ಕದಿಯುವಾಗ ಇನ್ನೊಬ್ಬ ಊದುತ್ತಿರುವಂತೆ ಗುರುತು ಹಾಕುತ್ತೇನೆ. ಗಮಕ ತುಸುವೇ ಸಾಕು; ಈ ಮಟ್ಟು ಓಡಾಡುವುದೇ ನಾಲ್ಕೈದು ಸ್ವರಗಳ ಅಂಗಳದಲ್ಲಿ.

ನಿಜವಾದ ಜಗಳ ತಾಳದ್ದು. ಗೋವಿನ ಹಾಡಿನ ನಡೆ ಮೂರು ನಾಲ್ಕು, ಮೂರು ನಾಲ್ಕು. ಏಳು ಬೆಸ, ಕಾಲು ಎರಡು. ಮಾತ್ರೆಗೊಂದು ಹೆಜ್ಜೆ ಇಟ್ಟರೆ ಒಂದು ಆವರ್ತ ಎಡಗಾಲಿನಲ್ಲಿ, ಮುಂದಿನದು ಬಲಗಾಲಿನಲ್ಲಿ ಶುರು. ಗುಂಪಿಗೊಂದು ಹೆಜ್ಜೆ ಇಟ್ಟರೆ ನಡಿಗೆಯೇ ಕುಂಟುತ್ತದೆ. ಮೂರನ್ನು ಎಳೆದು ನಾಲ್ಕು ಮಾಡಿಬಿಡಿ, ಮೆರವಣಿಗೆಗೆ ಸಲೀಸು ಎಂದು ಬ್ಯಾಂಡಿನ ಗೆಳೆಯರ ಸಲಹೆ. ಎಳೆದು ನೋಡಿದರೆ ಪುಣ್ಯಕೋಟಿ ಪರೇಡಿಗೆ ಹೊರಟಂತಿತ್ತು.

ಇಲ್ಲಿ ನನಗೆ ಆಸರೆಯಾದವನು ಪರ್ಸಿ ಗ್ರೇಂಜರ್. 1906ರಲ್ಲಿ ಲಿಂಕನ್‌ಶೈರಿನ ಹಳ್ಳಿಗರ ಹಾಡುಗಳನ್ನು ಫೋನೋಗ್ರಾಫಿನಲ್ಲಿ ಹಿಡಿದಿಟ್ಟ ಆತ, 1937ರಲ್ಲಿ ಅವುಗಳಿಂದ ಬ್ಯಾಂಡಿಗೆ ‘ಲಿಂಕನ್‌ಶೈರ್ ಪೋಸಿ’ ಕಟ್ಟುವಾಗ ಹಾಡಿದವರ ಓರೆಕೋರೆ ಲಯವನ್ನು ನೆಟ್ಟಗೆ ಮಾಡಲಿಲ್ಲ. ಬ್ಯಾಂಡೇ ಅವರ ನಡಿಗೆ ಕಲಿಯಲಿ ಎಂದ ಹಾಗೆ ಬರೆದ. ನನ್ನ ಪರಿಹಾರ ನಮ್ಮ ಜಿಲ್ಲೆಯದೇ: ಬಾಸ್ ಡ್ರಮ್ ಬದಲು ಡೊಳ್ಳು. ಮೂರಕ್ಕೆ ಅಂಗೈ, ನಾಲ್ಕಕ್ಕೆ ಕೋಲು. ಹೆಜ್ಜೆಯ ಗೋಜು ಬಿಟ್ಟು ನಿಂತೇ ನುಡಿಸುವುದು.

ಮೆರವಣಿಗೆಗೆ ಈ ಹಾಡು ಒದಗುವುದಿಲ್ಲವೆಂದು ಗೆಳೆಯರು ಈಗಲೂ ಗೊಣಗುತ್ತಾರೆ. ಒದಗದಿದ್ದರೆ ಬೇಡ. ಕೊಟ್ಟ ಮಾತಿಗೆ ತಪ್ಪದ ಹಸುವಿನ ಹಾಡಿನಲ್ಲಿ ನಾನು ಲೆಕ್ಕ ತಪ್ಪಿಸಲಾರೆ.